ಖಾಸಗಿ ಶಾಲೆ ಬೇರೆಯಾಗುವುದು ಎಲ್ಲಿ: ಕಾಸರಗೋಡಿನ ಹೆತ್ತವರಿಗೆ

ಜನವರಿ ಕಳೆಯುತ್ತಿದ್ದಂತೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಒಂದೇ ಚರ್ಚೆ, ಮಗುವನ್ನು ಯಾವ ಶಾಲೆಗೆ ಹಾಕುವುದೆಂದು. ಹೆಚ್ಚಿನವರು ಕಟ್ಟಡ ನೋಡುತ್ತಾರೆ, ಮನೆ ಬಾಗಿಲಿಗೆ ಬಸ್ಸು ಬರುತ್ತದೆಯೇ ಎಂದು ವಿಚಾರಿಸುತ್ತಾರೆ, ಮಕ್ಕಳು ಇಂಗ್ಲಿಷಿನಲ್ಲಿ ಮಾತಾಡುತ್ತಾರೆಯೇ ಎಂದು ಕಿವಿಗೊಡುತ್ತಾರೆ. ಆದರೆ ಇಂಗ್ಲಿಷ್ ಮೀಡಿಯಂ ಡಿವಿಷನ್ ಈಗ ಎಷ್ಟೋ ಸರಕಾರಿ, ಎಯ್ಡೆಡ್ ಶಾಲೆಗಳಲ್ಲೂ ಇದೆ. ಸ್ಮಾರ್ಟ್ ಕ್ಲಾಸ್ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ಪ್ರೊಜೆಕ್ಟರು, ಲ್ಯಾಪ್‌ಟಾಪುಗಳನ್ನು ಕೇರಳ ಸರಕಾರದ ಕೈಟ್ ಸಂಸ್ಥೆ ರಾಜ್ಯದ ಸರಕಾರಿ ಮತ್ತು ಎಯ್ಡೆಡ್ ಶಾಲೆಗಳ ಎಂಟರಿಂದ ಹನ್ನೆರಡರವರೆಗಿನ 45,000 ತರಗತಿಗಳಿಗೆ ಮುಟ್ಟಿಸಿ ವರ್ಷಗಳೇ ಆದವು. ಖಾಸಗಿ ಶಾಲೆ ನಿಜವಾಗಿ ಬೇರೆಯಾಗುವುದು ಕಣ್ಣಿಗೆ ಕಾಣದ ಎರಡು ಸಂಗತಿಗಳಲ್ಲಿ: ಅಧ್ಯಾಪಕರ ಸಂಬಳ ಎಲ್ಲಿಂದ ಬರುತ್ತದೆ, ಮತ್ತು ಶಾಲೆಯ ತೀರ್ಮಾನಗಳಿಗೆ ಯಾರು ಯಾರಿಗೆ ಉತ್ತರ ಹೇಳಬೇಕು.

ಇದರಲ್ಲಿ ಮೊದಲ ಗೊಂದಲ ಎಯ್ಡೆಡ್ ಶಾಲೆಯದ್ದು. ನಮ್ಮ ಹಳ್ಳಿಗಳ ಹಳೆಯ ಕನ್ನಡ ಎಲ್‌ಪಿ (ಕಿರಿಯ ಪ್ರಾಥಮಿಕ), ಯುಪಿ (ಹಿರಿಯ ಪ್ರಾಥಮಿಕ) ಶಾಲೆಗಳಲ್ಲಿ ಬಹಳಷ್ಟು ಎಯ್ಡೆಡ್. ಜಾಗ, ಕಟ್ಟಡ ಮ್ಯಾನೇಜರರದ್ದು. ಅಧ್ಯಾಪಕರನ್ನು ನೇಮಿಸುವುದೂ ಅವರೇ. ಹಾಗಾಗಿ ಅದನ್ನೂ ಖಾಸಗಿ ಎಂದುಕೊಳ್ಳುವವರಿದ್ದಾರೆ. ಆದರೆ 1958ರ ಕೇರಳ ಶಿಕ್ಷಣ ಕಾನೂನು ಮತ್ತು 1959ರ ಕೇರಳ ಶಿಕ್ಷಣ ನಿಯಮಗಳು, ಅಂದರೆ ಕೆಇಆರ್, ಬಂದಂದಿನಿಂದ ಅಲ್ಲಿನ ಸಂಬಳ ಸರಕಾರದಿಂದ ನೇರವಾಗಿ ಅಧ್ಯಾಪಕರ ಕೈಗೆ ಹೋಗುತ್ತದೆ. ಮ್ಯಾನೇಜರ್ ನೇಮಿಸಿದರೂ ಎಇಒ (ಉಪಜಿಲ್ಲಾ ಶಿಕ್ಷಣಾಧಿಕಾರಿ) ಅಥವಾ ಡಿಇಒ (ಜಿಲ್ಲಾ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಅಂಗೀಕಾರವಾಗದೆ ಸಂಬಳವಿಲ್ಲ. ಪಾಠಪುಸ್ತಕ, ಪರೀಕ್ಷೆ, ರಜೆ, ಹಾಜರಿ ಎಲ್ಲವೂ ಸರಕಾರಿ ಶಾಲೆಯಂತೆಯೇ. ಮಗುವಿನ ಮಟ್ಟಿಗೆ ಎಯ್ಡೆಡ್ ಶಾಲೆ ಸರಕಾರಿ ಶಾಲೆಯೇ ಸರಿ.

ಇದರಾಚೆಗೆ ಸರಕಾರದಿಂದ ಒಂದು ರೂಪಾಯಿಯೂ ಬಾರದ ಶಾಲೆಗಳಿವೆ. ಕೇರಳ ಸಿಲೆಬಸ್ಸನ್ನೇ ಕಲಿಸುವ ಮಾನ್ಯತೆ ಪಡೆದ ಅನ್‌ಎಯ್ಡೆಡ್ ಶಾಲೆ ಒಂದು ಬಗೆ. ಸಿಬಿಎಸ್‌ಇ ಅಥವಾ ಐಸಿಎಸ್‌ಇಗೆ ಸೇರಿದ್ದು ಇನ್ನೊಂದು. ಯಾವ ಮಾನ್ಯತೆಯೂ ಇಲ್ಲದೆ ಬೋರ್ಡು ಹಾಕಿಕೊಂಡು ನಡೆಯುವುದು ಮೂರನೆಯದು. ಹೊರಗಿನಿಂದ ನೋಡಿದರೆ ಮೂರಕ್ಕೂ ಅದೇ ಟೈ, ಅದೇ ಹಳದಿ ಬಸ್ಸು. ಕೇಂದ್ರೀಯ ವಿದ್ಯಾಲಯ ಮತ್ತು ಪೆರಿಯದ ನವೋದಯ ಸಿಬಿಎಸ್‌ಇ ಕಲಿಸಿದರೂ ಖಾಸಗಿಯಲ್ಲ. ಅವು ಕೇಂದ್ರ ಸರಕಾರದವು.

ಸರಕಾರಿ ಮತ್ತು ಎಯ್ಡೆಡ್ ಶಾಲೆಯ ಜೀವ ನಿಂತಿರುವುದು ಜೂನ್ ತಿಂಗಳ ಒಂದು ದಿನದ ಮೇಲೆ. ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಕೆ. 'ಸಂಪೂರ್ಣ' ಎಂಬ ಶಾಲಾ ದಾಖಲೆಯ ಸಾಫ್ಟ್‌ವೇರಿನಲ್ಲಿ ಆಧಾರ್ ಸಹಿತ ಯಾರ ಹೆಸರು ಸರಿಯಾಗಿ ಕೂತಿದೆಯೋ ಅವರೇ ಲೆಕ್ಕ. ಒಂದರಿಂದ ಐದರವರೆಗೆ 30 ಮಕ್ಕಳಿಗೆ ಒಬ್ಬ ಅಧ್ಯಾಪಕ, ಆರರಿಂದ ಎಂಟರವರೆಗೆ 35ಕ್ಕೆ ಒಬ್ಬ. ನಾಲ್ಕು ಮಕ್ಕಳು ಕಡಿಮೆಯಾಗಿ ಡಿವಿಷನ್ ಬಿದ್ದರೆ ಒಂದು ಹುದ್ದೆಯೇ ಹೋಯಿತು. ಮಲಯಾಳ ಮತ್ತು ಕನ್ನಡ ಎರಡೂ ಮಾಧ್ಯಮಗಳಿರುವ ಶಾಲೆಗಳಲ್ಲಿ ಮೊದಲು ಬೀಳುವುದು ಸಾಮಾನ್ಯವಾಗಿ ಕನ್ನಡ ಡಿವಿಷನ್. ಕನ್ನಡ ಡಿವಿಷನ್ನಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾಗಿ ಹೆತ್ತವರು ಗೇಟಿನ ಮುಂದೆ ಧರಣಿ ಕೂತದ್ದು, ಕೋರ್ಟಿಗೆ ಹೋದದ್ದು ಈ ಜಿಲ್ಲೆಗೆ ಹೊಸತಲ್ಲ. ಸರಕಾರಿ ವ್ಯವಸ್ಥೆಯ ತೊಂದರೆ ಇದು: ನಿಯಮ ಗಟ್ಟಿ, ಆದರೆ ಬಗ್ಗುವುದಿಲ್ಲ.

ಖಾಸಗಿ ಶಾಲೆಯ ನಿಜವಾದ ಬಲ ಇಲ್ಲಿದೆ. ಹನ್ನೆರಡೇ ಮಕ್ಕಳಿಗೆ ಕನ್ನಡ ಅಧ್ಯಾಪಕಿ ಬೇಕೆನಿಸಿದರೆ ಆಡಳಿತ ಸಮಿತಿ ಸೋಮವಾರ ತೀರ್ಮಾನಿಸಿ ಗುರುವಾರ ನೇಮಿಸಬಹುದು. ಹುದ್ದೆ ಮಂಜೂರಾತಿಗೆ ತಿರುವನಂತಪುರದ ಕಡತ ಕಾಯಬೇಕಿಲ್ಲ. ಓದಲು ತಡಕಾಡುವ ಮಕ್ಕಳಿಗೆ ಬೇರೆ ಗುಂಪು ಮಾಡಬಹುದು, ವಿಜ್ಞಾನದ ಲ್ಯಾಬಿಗೆ ಎರಡು ಪೀರಿಯಡ್ ಒಟ್ಟಿಗೆ ಜೋಡಿಸಬಹುದು, ಶನಿವಾರ ಯಕ್ಷಗಾನದ ಹೆಜ್ಜೆ ಕಲಿಸಬಹುದು. ಈ ಸ್ವಾತಂತ್ರ್ಯವನ್ನು ಚೆನ್ನಾಗಿ ಬಳಸಿದ ಶಾಲೆ ಮಕ್ಕಳಿಗೆ ದೊಡ್ಡ ಉಪಕಾರ ಮಾಡುತ್ತದೆ. ಅಂಥ ಶಾಲೆಗಳ ಬಗ್ಗೆ ನನಗೆ ಗೌರವವಿದೆ. ಆದರೆ ಸೋಮವಾರ ತೀರ್ಮಾನಿಸಿ ಗುರುವಾರ ನೇಮಿಸಬಲ್ಲ ಸಮಿತಿ ಮುಂದಿನ ಏಪ್ರಿಲಿನಲ್ಲಿ ಅದೇ ಕನ್ನಡ ಅಧ್ಯಾಪಕಿಯನ್ನು ಬಿಟ್ಟುಬಿಡಲೂಬಹುದು. ತಡೆಯುವ ಎಇಒ ಇಲ್ಲ, ಅಧ್ಯಾಪಕ ಸಂಘಟನೆ ಇಲ್ಲ, ಪಂಚಾಯತು ಇಲ್ಲ. ಸರಕಾರಿ ಶಾಲೆಯಲ್ಲಿ ಅಧಿಕಾರಿ ಮಾಡುವ ತಪಾಸಣೆಯನ್ನು ಇಲ್ಲಿ ಫೀಸು ಕಟ್ಟುವ ಹೆತ್ತವರೇ ಮಾಡಬೇಕು. ಏನೇನು ತಪಾಸಣೆ ಎಂಬುದನ್ನು ಈಗ ಬಿಡಿಸಿ ಹೇಳುತ್ತೇನೆ.

ಮೊದಲು ಮಾನ್ಯತೆ. ಶಿಕ್ಷಣ ಹಕ್ಕು ಕಾನೂನಿನ 18ನೇ ಕಲಮಿನ ಪ್ರಕಾರ ಮಾನ್ಯತೆಯ ಪ್ರಮಾಣಪತ್ರವಿಲ್ಲದೆ ಶಾಲೆ ನಡೆಸುವಂತಿಲ್ಲ. ನಡೆಸಿದರೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000. ಪರೀಕ್ಷಿಸುವುದು ಸುಲಭ. ದೇಶದ ಶಾಲೆಗಳ ಮಾಹಿತಿ ಇಡುವ ಯುಡೈಸ್ ವ್ಯವಸ್ಥೆಯಲ್ಲಿ ಪ್ರತಿ ಶಾಲೆಗೂ 11 ಅಂಕಿಯ ಕೋಡ್ ಇರುತ್ತದೆ. ನಮ್ಮ ಜಿಲ್ಲೆಯದ್ದು 3201ರಿಂದ ಸುರುವಾಗುತ್ತದೆ, 32 ಕೇರಳ, 01 ಕಾಸರಗೋಡು. ಆಫೀಸಿನಲ್ಲಿ ಕೋಡ್ ಕೇಳಿ ಬರೆದುಕೊಂಡು ಯುಡೈಸ್ ಪ್ಲಸ್‌ನ 'ನೋ ಯುವರ್ ಸ್ಕೂಲ್' ಪುಟದಲ್ಲಿ ಹಾಕಿ. ಶಾಲೆಯ ವರ್ಗ, ಯಾವ ತರಗತಿಯಿಂದ ಯಾವ ತರಗತಿಯವರೆಗೆ, ಆಡಳಿತ ಯಾವ ಬಗೆಯದ್ದು ಎಂಬ ವಿವರ ಅಲ್ಲಿ ಬರುತ್ತದೆ. ನಿಮಗೆ ಏಳನೆಯ ತರಗತಿಗೆ ಎಡ್ಮಿಶನ್ ಕೊಡುವ ಶಾಲೆ ಅಲ್ಲಿ ಐದರವರೆಗೆ ಮಾತ್ರ ದಾಖಲಾಗಿದ್ದರೆ ಮುಂದಿನ ಮಾತು ಬೇಡ. ಕೋಡ್ ಹೇಳಲು ಹಿಂಜರಿದರೆ ಅದೇ ಉತ್ತರ.

ಸಿಬಿಎಸ್‌ಇ ಶಾಲೆಯಾದರೆ ಇನ್ನೊಂದು ಹೆಜ್ಜೆ. ಕೇರಳದ ಸಿಬಿಎಸ್‌ಇ ಶಾಲೆಗಳ ಅಫಿಲಿಯೇಶನ್ ನಂಬರು 93ರಿಂದ ಆರಂಭವಾಗುತ್ತದೆ. ಆ ನಂಬರನ್ನು ಸಿಬಿಎಸ್‌ಇಯ ಸರಸ್ ಪೋರ್ಟಲಿನಲ್ಲಿ ಹುಡುಕಿ, ಮೂರು ವಿಷಯ ನೋಡಿ: ಅಲ್ಲಿರುವ ಹೆಸರು, ವಿಳಾಸ ನೀವು ನೋಡಿ ಬಂದ ಕಟ್ಟಡದ್ದೇ ಹೌದೇ, ಸೆಕೆಂಡರಿಯೋ ಸೀನಿಯರ್ ಸೆಕೆಂಡರಿಯೋ, ಅಫಿಲಿಯೇಶನ್ ಎಲ್ಲಿಯವರೆಗೆ ಊರ್ಜಿತ. ಬೋರ್ಡಿನಲ್ಲಿ 'ಸಿಬಿಎಸ್‌ಇ ಸಿಲೆಬಸ್' ಎಂದು ಬರೆದು, ಅಫಿಲಿಯೇಶನ್ ಮಾತ್ರ ಇಲ್ಲದ ಶಾಲೆಗಳಲ್ಲಿ ಹೆತ್ತವರು ಸಿಕ್ಕಿಬೀಳುವುದು ಹೇಗೆಂದರೆ, ಎಂಟನೆಯ ತರಗತಿಯವರೆಗೆ ಏನೂ ಗೊತ್ತಾಗುವುದಿಲ್ಲ. ಪರೀಕ್ಷೆ ಶಾಲೆಯದ್ದೇ, ಮಾರ್ಕಿನ ಕಾರ್ಡು ಶಾಲೆಯದ್ದೇ. ಒಂಬತ್ತರಲ್ಲಿ ಬೋರ್ಡಿಗೆ ನೋಂದಣಿ ಆಗಬೇಕಾದಾಗ ಮಕ್ಕಳ ಹೆಸರನ್ನು ದೂರದ ಯಾವುದೋ ಶಾಲೆಯ ಹೆಸರಿನಲ್ಲಿ ಸೇರಿಸುತ್ತಾರೆ. ಮಗು ಕೂತು ಕಲಿಯುವುದು ಒಂದು ಕಡೆ, ದಾಖಲೆಯಲ್ಲಿರುವುದು ಇನ್ನೊಂದು ಕಡೆ. ಆ ಶಾಲೆಗೆ ಬೋರ್ಡಿನ ತಪಾಸಣೆ ಬಂದರೆ ಪೆಟ್ಟು ಬೀಳುವುದು ಮಗುವಿಗೆ.

ಸಿಬಿಎಸ್‌ಇ ಶಾಲೆಗಳು ಕಡ್ಡಾಯವಾಗಿ ತಮ್ಮ ವೆಬ್‌ಸೈಟಿನಲ್ಲಿ ಒಂದು ಪುಟ ಹಾಕಬೇಕು. 'ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಷರ್' ಎಂದು ಅದರ ತಲೆಬರಹ. ಅಫಿಲಿಯೇಶನ್ ಪತ್ರ, ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ, ರಾಜ್ಯ ಸರಕಾರದ ಎನ್‌ಒಸಿ, ಕಟ್ಟಡ ಭದ್ರತೆಯ ಪ್ರಮಾಣಪತ್ರ, ಅಗ್ನಿಶಾಮಕದ್ದು, ನೀರು ಮತ್ತು ಶುಚಿತ್ವದ್ದು, ಫೀಸಿನ ಪಟ್ಟಿ, ಹಿಂದಿನ ಮೂರು ವರ್ಷಗಳ ಬೋರ್ಡ್ ಫಲಿತಾಂಶ, ಅಧ್ಯಾಪಕರ ಸಂಖ್ಯೆ, ಕ್ಲಾಸ್‌ರೂಮಿನ ಸಂಖ್ಯೆ ಮತ್ತು ಅಳತೆ ಎಲ್ಲ ಅದರಲ್ಲಿ ಇರಬೇಕು. ಬಹುಮಂದಿ ಹೆತ್ತವರು ಈ ಪುಟವನ್ನು ತೆರೆಯುವುದೇ ಇಲ್ಲ. ತೆರೆದವರು ಎರಡು ತಾರೀಕು ನೋಡಿ: ಅಗ್ನಿಶಾಮಕದ ಪತ್ರದ ಅವಧಿ ಮತ್ತು ಕಟ್ಟಡದ ಫಿಟ್‌ನೆಸ್. ಕೇರಳದಲ್ಲಿ ಶಾಲಾ ಕಟ್ಟಡಕ್ಕೆ ಪ್ರತಿವರ್ಷ ಶಾಲೆ ತೆರೆಯುವ ಮೊದಲು ಸ್ಥಳೀಯಾಡಳಿತದ ಇಂಜಿನಿಯರರ ಫಿಟ್‌ನೆಸ್ ಪತ್ರ ಬೇಕು. ನಮ್ಮ ಜೂನ್, ಜುಲೈ ಮಳೆಯಲ್ಲಿ, ಲ್ಯಾಟರೈಟ್ ಗುಡ್ಡ ಕಡಿದು ಸಮತಟ್ಟು ಮಾಡಿ ಕಟ್ಟಿದ ಶಾಲೆಗಳಲ್ಲಿ ಹಿಂಬದಿಯ ಬರೆ ಎಷ್ಟು ಹತ್ತಿರವಿದೆ, ಅದಕ್ಕೆ ತಡೆಗೋಡೆ ಕಟ್ಟಿದ್ದಾರೆಯೇ ಎಂದು ಕಣ್ಣಾರೆ ನೋಡುವುದೂ ಅಗತ್ಯ. ಅದು ಯಾವ ಪುಟದಲ್ಲೂ ಬರುವುದಿಲ್ಲ.

ತರಗತಿಯ ಒಳಗೆ ಹೋಗಲು ಬಿಟ್ಟರೆ ಬೆಂಚು ಎಣಿಸಿ. ಸಿಬಿಎಸ್‌ಇ ನಿಯಮದಲ್ಲಿ ಕೋಣೆ ಕನಿಷ್ಠ 500 ಚದರ ಅಡಿ, ಪ್ರತಿ ಮಗುವಿಗೆ ಕನಿಷ್ಠ ಒಂದು ಚದರ ಮೀಟರು, ಒಂದು ಸೆಕ್ಷನ್ನಿಗೆ ಸಾಮಾನ್ಯವಾಗಿ 40 ಮಕ್ಕಳು. ವಿಶೇಷ ಸಂದರ್ಭದಲ್ಲಿ ಮಾತ್ರ 45ರವರೆಗೆ ಬಿಡುತ್ತಾರೆ. ಅಧ್ಯಾಪಕರ ಲೆಕ್ಕ ಸೆಕ್ಷನ್ ಒಂದಕ್ಕೆ ಒಂದೂವರೆ. ಹಾಗಾಗಿ 20 ಸೆಕ್ಷನ್ ಇರುವ ಶಾಲೆಯಲ್ಲಿ 30 ಅಧ್ಯಾಪಕರಿರಬೇಕು. 22 ಮಂದಿ ಇದ್ದರೆ ಯಾರೋ ಒಬ್ಬರು ರಜೆ ಹಾಕಿದ ದಿನ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸುತ್ತಾರೆ ಎಂದರ್ಥ.

ಅಧ್ಯಾಪಕರ ವಿಷಯವೇ ಖಾಸಗಿ ಶಾಲೆಯ ಗಟ್ಟಿತನದ ಅಸಲಿ ಅಳತೆಗೋಲು. ಒಂದರಿಂದ ಐದರವರೆಗೆ ಕಲಿಸಲು ಬೇಕಾದದ್ದು ಡಿಎಲ್‌ಎಡ್ ಎಂಬ ಪ್ರಾಥಮಿಕ ಅಧ್ಯಾಪಕ ತರಬೇತಿ, ನಮ್ಮ ಕಡೆ ಈಗಲೂ ಟಿಟಿಸಿ ಎನ್ನುತ್ತೇವೆ. ಬಿಎಡ್ ಮಾಡಿದವರು ಪ್ರಾಥಮಿಕ ತರಗತಿಗೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಅದರ ಕಾರಣ ಸರಳ: ಬಿಎಡ್ ಕಲಿಸುವುದು ಒಂದು ವಿಷಯವನ್ನು ದೊಡ್ಡ ಮಕ್ಕಳಿಗೆ ಬೋಧಿಸುವ ಕ್ರಮ; ಆರು ವರ್ಷದ ಮಗುವಿಗೆ ಅಕ್ಷರ ಕೂಡಿಸಿ ಓದಿಸುವುದು ಬೇರೆಯೇ ವಿದ್ಯೆ. ಸರಕಾರಿ, ಎಯ್ಡೆಡ್ ಶಾಲೆಗಳಲ್ಲಿ ಇದರ ಜತೆಗೆ ಕೆ-ಟೆಟ್, ಅಂದರೆ ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ ನೋಡುತ್ತಾರೆ. ಎಲ್‌ಪಿಗೆ ಒಂದನೇ ವಿಭಾಗ, ಯುಪಿಗೆ ಎರಡು, ಹೈಸ್ಕೂಲಿಗೆ ಮೂರು, ಭಾಷಾ ಮತ್ತು ವಿಶೇಷ ಅಧ್ಯಾಪಕರಿಗೆ ನಾಲ್ಕು. ಖಾಸಗಿ ಶಾಲೆಯಲ್ಲಿ ನೀವು ಕೇಳದಿದ್ದರೆ ಯಾರೂ ಹೇಳುವುದಿಲ್ಲ. 'ಒಂದನೇ ತರಗತಿಯ ಟೀಚರ್ ಟಿಟಿಸಿಯವರೇ?' ಎಂಬ ಒಂದೇ ಪ್ರಶ್ನೆ ಸಾಕು.

ಇನ್ನೊಂದು ಪ್ರಶ್ನೆ: ಕಳೆದ ಎರಡು ವರ್ಷಗಳಲ್ಲಿ ಎಷ್ಟು ಅಧ್ಯಾಪಕರು ಬಿಟ್ಟುಹೋದರು? ಅನ್‌ಎಯ್ಡೆಡ್ ಶಾಲೆಗೆ ಇರುವ ದೊಡ್ಡ ರೋಗ ಇದು. ಜೂನ್ ಬಂತೆಂದರೆ ಸರಕಾರಿ ಶಾಲೆಗಳಲ್ಲಿ ದಿನಗೂಲಿ ನೇಮಕದ ಸಂದರ್ಶನ ನಡೆಯುತ್ತದೆ. ಅಲ್ಲಿ ತಾತ್ಕಾಲಿಕವಾದರೂ ಸಂಬಳ ಹೆಚ್ಚು, ರಾಜ್ಯದ ಲೋಕಸೇವಾ ಆಯೋಗವಾದ ಪಿಎಸ್‌ಸಿಯ ರ್‍ಯಾಂಕ್ ಪಟ್ಟಿ ಬಂದರಂತೂ ಕೇಳುವುದೇ ಬೇಡ. ಶಾಲೆ ಸುರುವಾಗಿ ಎರಡು ವಾರದಲ್ಲಿ ಗಣಿತದ ಅಧ್ಯಾಪಕಿ ಹೋಗಿಬಿಡುತ್ತಾರೆ. ಪಿಎಫ್ ಕಟ್ಟುವ, ಬೇಸಿಗೆ ರಜೆಯ ಏಪ್ರಿಲ್, ಮೇ ತಿಂಗಳಿಗೂ ಸಂಬಳ ಕೊಡುವ, ಐದು ವರ್ಷ ದುಡಿದವರಿಗೆ ಗ್ರಾಚ್ಯುಯಿಟಿ ಲೆಕ್ಕ ಇಡುವ ಶಾಲೆಯಲ್ಲಿ ಅಧ್ಯಾಪಕರು ನಿಲ್ಲುತ್ತಾರೆ. ಖಾಸಗಿ ಶಾಲೆಯ ಅಧ್ಯಾಪಕರಿಗೂ ಗ್ರಾಚ್ಯುಯಿಟಿ ಸಲ್ಲಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಹತ್ತು ತಿಂಗಳ ಸಂಬಳ ಕೊಟ್ಟು ಹನ್ನೆರಡು ತಿಂಗಳ ಫೀಸು ತೆಗೆದುಕೊಳ್ಳುವ ಶಾಲೆಗೆ ಒಳ್ಳೆಯ ಅಧ್ಯಾಪಕರು ದಕ್ಕುವುದಿಲ್ಲ. ಹೆತ್ತವರು ಇದನ್ನು ಅಧ್ಯಾಪಕರ ಸಮಸ್ಯೆ ಎಂದು ಬಿಡಬಾರದು, ಮಗುವಿನ ಕಲಿಕೆ ಕೆಡುವುದು ಇಲ್ಲಿಂದಲೇ.

ಈಗ ಫೀಸು. ಬಾಯಲ್ಲಿ ಹೇಳುವ ತಿಂಗಳ ಫೀಸನ್ನು ನಂಬಿ ಲೆಕ್ಕ ಹಾಕಬೇಡಿ. ಅಚ್ಚಾದ ಪಟ್ಟಿ ಕೇಳಿ, ಇಡೀ ವರ್ಷದ್ದನ್ನು ಕೂಡಿಸಿ. ಉದಾಹರಣೆಗೆ ತಿಂಗಳಿಗೆ 2,500 ಎಂದಿಟ್ಟುಕೊಳ್ಳಿ. ಹನ್ನೆರಡು ತಿಂಗಳಿಗೆ 30,000. ಬಸ್ಸು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ಎಡ್ಮಿಶನ್ 10,000. ವಾರ್ಷಿಕ ಅಥವಾ ಸ್ಪೆಶಲ್ ಫೀಸು ಎಂದು 6,000. ಪುಸ್ತಕ 5,500, ಎರಡು ಜತೆ ಯೂನಿಫಾರ್ಮ್, ಬೂಟು, ಟೈ 4,500. ಒಟ್ಟು 71,000. ಅಂದರೆ ತಿಂಗಳಿಗೆ ಸುಮಾರು 5,900. ಮರುವರ್ಷ ಎಡ್ಮಿಶನ್ ಇರದು, ಆದರೆ ತಿಂಗಳ ಫೀಸು ಏರುತ್ತದೆ. ವರ್ಷಕ್ಕೆ ಶೇಕಡ 10ರಂತೆ ಏರುತ್ತಾ ಹೋದರೆ ಇವತ್ತಿನ 2,500 ಹತ್ತು ವರ್ಷದಲ್ಲಿ 6,400 ದಾಟುತ್ತದೆ. ಅಡಿಕೆಯ ದರ ನಂಬಿ ಬದುಕುವ ಮನೆಯವರು ಎರಡು ಮಕ್ಕಳಿಗೆ ಈ ಲೆಕ್ಕವನ್ನು ಮೊದಲೇ ಹಾಕಬೇಕು. ಎಂಟನೆಯಲ್ಲಿ ಫೀಸು ಕಟ್ಟಲಾಗದೆ ಬಿಡಿಸುವುದಕ್ಕಿಂತ ಮೊದಲೇ ಕೈಗೆಟಕುವ ಶಾಲೆಗೆ ಹಾಕುವುದು ಮಗುವಿಗೆ ಒಳ್ಳೆಯದು.

ಈ ಪಟ್ಟಿಯಲ್ಲಿ ಇಲ್ಲದ ಹಣ ಕೇಳಿದರೆ ಏನು? ಶಿಕ್ಷಣ ಹಕ್ಕು ಕಾನೂನು ಕ್ಯಾಪಿಟೇಶನ್ ಎಂದು ಕರೆಯುವುದು ಅದನ್ನೇ: ಶಾಲೆ ಪ್ರಕಟಿಸಿದ ಫೀಸಿನ ಹೊರಗೆ ಪಡೆಯುವ ಯಾವುದೇ ದೇಣಿಗೆ, ವಂತಿಗೆ, ಪಾವತಿ. ಅದಕ್ಕೆ ಪಡೆದ ಮೊತ್ತದ ಹತ್ತು ಪಟ್ಟಿನವರೆಗೆ ದಂಡವಿದೆ. ಎಡ್ಮಿಶನ್ನಿಗೆ ಮಗುವಿಗೋ ಹೆತ್ತವರಿಗೋ ಪರೀಕ್ಷೆ, ಸಂದರ್ಶನ ಮಾಡಿದರೆ ಮೊದಲ ಬಾರಿಗೆ 25,000, ನಂತರ ಪ್ರತಿಬಾರಿ 50,000ದವರೆಗೆ ದಂಡ. ಆದರೆ ಒಂದು ತೊಡಕು ಇದೆ. ಅಲ್ಪಸಂಖ್ಯಾತ ಆಡಳಿತದ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾನೂನು ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಸಂವಿಧಾನದ 30ನೇ ವಿಧಿಯಲ್ಲಿ ಭಾಷಾ ಅಲ್ಪಸಂಖ್ಯಾತರೂ ಸೇರುತ್ತಾರೆ, ಕೇರಳದಲ್ಲಿ ಕನ್ನಡಿಗರೂ ಆ ಪೈಕಿಯೇ. ಹೀಗಾಗಿ ಶಾಲೆ ಅಲ್ಪಸಂಖ್ಯಾತ ಸಂಸ್ಥೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ, ದೂರು ಕೊಡುವ ದಾರಿ ಅದರ ಮೇಲೆ ಬದಲಾಗುತ್ತದೆ. ಮಕ್ಕಳಿಗೆ ಹೊಡೆತ, ಅವಮಾನದಂಥ ವಿಷಯಗಳಲ್ಲಿ ಯಾವ ಶಾಲೆಯಾದರೂ ರಾಜ್ಯ ಬಾಲಹಕ್ಕು ಆಯೋಗಕ್ಕೆ ಬರೆಯಬಹುದು.

ರಶೀದಿಯ ಬಗ್ಗೆ ಒಂದು ಮಾತು. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಎರಡು ಮಕ್ಕಳ ಟ್ಯೂಶನ್ ಫೀಸಿಗೆ ಮಾತ್ರ ವಿನಾಯಿತಿ. ಬಸ್ಸು, ದೇಣಿಗೆ, ಡೆವಲಪ್‌ಮೆಂಟ್ ಫೀಸು ಸೇರುವುದಿಲ್ಲ. ಒಟ್ಟು ಮೊತ್ತ ಬರೆದ ರಶೀದಿ ಪ್ರಯೋಜನಕ್ಕೆ ಬಾರದು, ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಖಾಸಗಿಗೆ ಹೋದಾಗ ಬಿಟ್ಟುಹೋಗುವ ಸೌಲಭ್ಯಗಳೂ ಇವೆ. ಎಂಟರವರೆಗಿನ ಉಚಿತ ಊಟ, ಉಚಿತ ಪುಸ್ತಕ ಸರಕಾರಿ ಮತ್ತು ಎಯ್ಡೆಡ್ ಮಕ್ಕಳಿಗೆ. ಎಂಟನೆಯಲ್ಲಿ ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ಆದಾಯ 3.5 ಲಕ್ಷ ದಾಟಿರಬಾರದು. ಖಾಸಗಿ ಶಾಲೆಯ ಮಕ್ಕಳಿಗೆ, ಕೇಂದ್ರೀಯ ವಿದ್ಯಾಲಯ, ನವೋದಯದವರಿಗೆ ಇದು ಇಲ್ಲ. ಓದುವ ಬಡ ಮಗುವನ್ನು ಸಾಲ ಮಾಡಿ ಏಳನೆಯಲ್ಲಿ ಖಾಸಗಿಗೆ ಸಾಗಿಸುವವರು ಈ 48,000 ರೂಪಾಯಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಲೋತ್ಸವವೂ ಹಾಗೆಯೇ. ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಇದೆ, ಕನ್ನಡ ಪದ್ಯವಾಚನ, ಕನ್ನಡ ಭಾಷಣ ಇದೆ. 2019ರಲ್ಲಿ ಕಾಞಂಗಾಡಿನಲ್ಲಿ 60ನೆಯ ಕಲೋತ್ಸವವೇ ನಡೆಯಿತು. ಆ ವೇದಿಕೆ ರಾಜ್ಯ ಸಿಲೆಬಸ್ಸಿನ ಮಕ್ಕಳದ್ದು. ಸಿಬಿಎಸ್‌ಇ ಮಕ್ಕಳಿಗೆ ತಮ್ಮದೇ ಬೇರೆ ಕಲೋತ್ಸವ. ಚೆಂಡೆಯ ಸದ್ದಿಗೆ ಕುಣಿಯುವ ಮಗು ಮನೆಯಲ್ಲಿದ್ದರೆ ಇದೂ ಒಂದು ಲೆಕ್ಕವೇ.

ಇನ್ನು ಕನ್ನಡ. ಈ ಬರಹದ ಮುಖ್ಯ ಮಾತು ಇಲ್ಲಿದೆ. ಸರಕಾರಿ, ಎಯ್ಡೆಡ್ ಕನ್ನಡ ಮಾಧ್ಯಮದಲ್ಲಿ ಮಗು ಗಣಿತ, ವಿಜ್ಞಾನವನ್ನೂ ಕನ್ನಡದಲ್ಲಿ ಓದುತ್ತದೆ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲೇ ಬರುತ್ತದೆ, ಪ್ರಥಮ ಭಾಷೆಯ ಎರಡು ಪತ್ರಿಕೆಗಳನ್ನೂ ಕನ್ನಡದಲ್ಲಿ ಬರೆಯಬಹುದು. ಖಾಸಗಿ ಇಂಗ್ಲಿಷ್ ಮಾಧ್ಯಮದಲ್ಲಿ ಕನ್ನಡ ಒಂದು ವಿಷಯ ಮಾತ್ರ, ಅದೂ ಇದ್ದರೆ. 2017ರ ಕಾನೂನಿನಿಂದ ಸಿಬಿಎಸ್‌ಇ ಶಾಲೆಗಳೂ ಸೇರಿ ಎಲ್ಲೆಡೆ ಮಲಯಾಳ ಕಲಿಕೆ ಕಡ್ಡಾಯವಾಯಿತು. ಇಂಗ್ಲಿಷ್ ಬಿಡುವಂತಿಲ್ಲ, ಹಿಂದಿ ಹೆಚ್ಚಿನ ಶಾಲೆಗಳಲ್ಲಿ ಇದ್ದೇ ಇದೆ. ಮೂರು ಭಾಷೆ ತುಂಬಿದ ಟೈಮ್‌ಟೇಬಲಿನಲ್ಲಿ ಕನ್ನಡಕ್ಕೆ ಉಳಿಯುವುದು ವಾರಕ್ಕೆ ಒಂದೋ ಎರಡೋ ಪೀರಿಯಡ್, ಹಲವು ಕಡೆ ಪಿಟಿ ಪೀರಿಯಡನ್ನೋ ಸಂಜೆಯನ್ನೋ ಕಡಿದು. ಪ್ರಾಥಮಿಕದಲ್ಲಿ ವಾರಕ್ಕೆ ನಾಲ್ಕು ಪೀರಿಯಡಿಗಿಂತ ಕಡಿಮೆಯಾದರೆ ಮಗು ಕನ್ನಡ ಓದಲು ಕಲಿಯುತ್ತದೆ ಎಂಬ ನಂಬಿಕೆ ನನಗಿಲ್ಲ. ಒತ್ತಕ್ಷರದ ಹಂತದಲ್ಲೇ ನಿಂತುಬಿಡುತ್ತದೆ.

ಹಾಗಾಗಿ 'ಕನ್ನಡ ಇದೆ' ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಒಂದನೆಯ ತರಗತಿಯ ಟೈಮ್‌ಟೇಬಲ್ ತೋರಿಸಲು ಹೇಳಿ, ಪೀರಿಯಡ್ ಎಣಿಸಿ. ಯಾವ ಪುಸ್ತಕ ಬಳಸುತ್ತಾರೆ, ಕೇರಳದ ಎಸ್‌ಸಿಇಆರ್‌ಟಿ ಕನ್ನಡ ಪುಸ್ತಕವೋ ಖಾಸಗಿ ಪ್ರಕಾಶಕರದ್ದೋ ಎಂದು ನೋಡಿ. ಕನ್ನಡದ ಮಾರ್ಕು ಪ್ರಗತಿ ಪತ್ರದಲ್ಲಿ ಬರುತ್ತದೆಯೇ? ಬಾರದಿದ್ದರೆ ಮಕ್ಕಳೂ ಅದನ್ನು ಲೆಕ್ಕಕ್ಕಿಡುವುದಿಲ್ಲ. ಕೊನೆಯದು, ಎಂಟರ ನಂತರ ಏನು? ಇಲ್ಲಿಯವರೆಗಿನ ಸಿಬಿಎಸ್‌ಇ ವ್ಯವಸ್ಥೆಯಲ್ಲಿ ಒಂಬತ್ತು, ಹತ್ತಕ್ಕೆ ಕಡ್ಡಾಯ ಎರಡು ಭಾಷೆ. ಇಂಗ್ಲಿಷಿನ ಕೋಡ್ 184. ಕನ್ನಡದ್ದು 015, ಮಲಯಾಳದ್ದು 012. ಒಂಬತ್ತನೆಯಲ್ಲಿ ಶಾಲೆ ಬೋರ್ಡಿಗೆ ನೋಂದಣಿ ಕಳಿಸುವ ಮೊದಲು ಮಗುವಿನ ವಿವರ ಮುದ್ರಿಸಿ ಸಹಿಗೆ ಮನೆಗೆ ಕೊಡುತ್ತದೆ. ಹೆಚ್ಚಿನವರು ಹೆಸರು, ಹುಟ್ಟಿದ ತಾರೀಕು ನೋಡಿ ಸಹಿ ಹಾಕುತ್ತಾರೆ. ವಿಷಯಗಳ ಸಾಲಿನಲ್ಲಿ 015 ಇದೆಯೇ ನೋಡಿ. ಇಲ್ಲದಿದ್ದರೆ ಎಂಟು ವರ್ಷ ಕಲಿತ ಕನ್ನಡ ಮಗುವಿನ ಹತ್ತನೆಯ ಅಂಕಪಟ್ಟಿಯಲ್ಲಿ ಕಾಣುವುದೇ ಇಲ್ಲ. ಸಹಿ ಹಾಕಿ ಹೋದ ಮೇಲೆ ತಿದ್ದಲು ಬೋರ್ಡು ಕೊಡುವ ಅವಕಾಶ ತೀರಾ ಕಡಿಮೆ.

ಅಂಕಪಟ್ಟಿಯಲ್ಲಿ ಕನ್ನಡ ಯಾಕೆ ಬೇಕೆಂದು ಕೇಳುವವರು ಇದ್ದಾರೆ. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಎಲ್‌ಪಿ ಅಧ್ಯಾಪಕ, ಕನ್ನಡ ಮತ್ತು ಮಲಯಾಳ ಬಲ್ಲ ಕ್ಲರ್ಕ್ ಹುದ್ದೆಗಳನ್ನು ಪಿಎಸ್‌ಸಿ ಬೇರೆಯಾಗಿಯೇ ಕರೆಯುತ್ತದೆ. ಇನ್ನೊಂದು, ಕರ್ನಾಟಕದ ವೃತ್ತಿಪರ ಕೋರ್ಸುಗಳಿಗೆ ಅಲ್ಲಿನ ಪರೀಕ್ಷಾ ಪ್ರಾಧಿಕಾರ ಕೆಇಎ ಕೊಡುವ ಗಡಿನಾಡ ಕನ್ನಡಿಗ ಅರ್ಹತೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳಲ್ಲಿ, ಅಥವಾ ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜದಲ್ಲಿ ಒಂದರಿಂದ ಹನ್ನೆರಡರ ನಡುವೆ ಕನಿಷ್ಠ ಏಳು ವರ್ಷ ಓದಿರಬೇಕು. ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಆ ಏಳು ವರ್ಷ ಸರಕಾರಿ ಅಥವಾ ಸರಕಾರದಿಂದ ಮಾನ್ಯತೆ ಪಡೆದ ಶಾಲೆಯಲ್ಲಿ ಆಗಿರಬೇಕು. ಮಾನ್ಯತೆ ಇಲ್ಲದ ಶಾಲೆಯಲ್ಲಿ ಕಳೆದ ವರ್ಷಗಳು ಇಲ್ಲಿ ಲೆಕ್ಕಕ್ಕೆ ಸಿಗುವುದಿಲ್ಲ.

ತಲಪಾಡಿ ದಾಟಿ ಮಂಗಳೂರಿನ ಶಾಲೆಗೆ ಹೋಗುವ ಮಕ್ಕಳಿಗೂ ಈ ಏಳು ವರ್ಷದ ಲೆಕ್ಕ ಮುಖ್ಯ. ಕರ್ನಾಟಕದಲ್ಲಿ ಓದಿದವರಿಗೆ ಅಲ್ಲಿನ ಏಳು ವರ್ಷದ ನಿಯಮ ಬೇರೆ ಇದೆ. ಆರು ವರ್ಷ ಇಲ್ಲಿ, ಆರು ವರ್ಷ ಅಲ್ಲಿ ಎಂದು ಹಂಚಿದರೆ ಎರಡೂ ನಿಯಮಕ್ಕೆ ಒಂದು ವರ್ಷ ಕೊರತೆ. ಹಾಗೆಯೇ ಒಂದನೆಯ ತರಗತಿಗೆ ಕೇರಳದಲ್ಲಿ ಐದು ವರ್ಷಕ್ಕೆ ಸೇರಿಸುತ್ತಾ ಬಂದಿದ್ದೇವೆ, ಕರ್ನಾಟಕ ಆರು ಕೇಳುತ್ತದೆ. ಗಡಿ ದಾಟಿಸುವ ಯೋಚನೆಯಿದ್ದರೆ ಎಲ್‌ಕೆಜಿಗೆ ಹಾಕುವಾಗಲೇ ವಯಸ್ಸು ಲೆಕ್ಕ ಹಾಕಿ.

ಬಸ್ಸಿನದ್ದು ಬೇಗ ಹೇಳಿ ಮುಗಿಸುತ್ತೇನೆ. ಶಾಲೆಯದ್ದೇ ಬಸ್ಸಾದರೆ ಹಿಂದೆ ಮುಂದೆ ಇಐಬಿ (ಎಜುಕೇಶನಲ್ ಇನ್‌ಸ್ಟಿಟ್ಯೂಶನ್ ಬಸ್) ಎಂದಿರುತ್ತದೆ. ಬಾಡಿಗೆಯದ್ದಾದರೆ 'ಆನ್ ಸ್ಕೂಲ್ ಡ್ಯೂಟಿ'. ಸ್ಪೀಡ್ ಗವರ್ನರ್, ಜಿಪಿಎಸ್, ಬಾಗಿಲಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯ ಬೇಕೇ ಬೇಕು. ಮೋಟಾರು ವಾಹನ ಇಲಾಖೆಯ ವಿದ್ಯಾ ವಾಹನ್ ಆ್ಯಪಿನಲ್ಲಿ ಬಸ್ಸು ಎಲ್ಲಿದೆ ಎಂದು ಹೆತ್ತವರು ನೋಡಬಹುದು. ಶಾಲೆ ನಿಮ್ಮ ಮೊಬೈಲ್ ನಂಬರನ್ನು ಅದರಲ್ಲಿ ಸೇರಿಸಿದರೆ ಮಾತ್ರ. ಪೆರ್ಲ, ಅಡೂರು, ದೇಲಂಪಾಡಿಯ ಕಡೆಯವರು ಬಸ್ಸಿನ ಮೊದಲ ನಿಲ್ದಾಣದ ಸಮಯ ಕೇಳಿ. ಕಿಲೋಮೀಟರ್ ಕಡಿಮೆಯಿದ್ದರೂ ಒಳರಸ್ತೆಗಳನ್ನೆಲ್ಲ ಸುತ್ತಿ ಬರುವ ಬಸ್ಸಿನಲ್ಲಿ ಐದು ವರ್ಷದ ಮಗು ಒಂದೂವರೆ ಗಂಟೆ ಕೂರಬೇಕಾದರೆ ಮೊದಲ ಪೀರಿಯಡಿಗೇ ಅದು ದಣಿದಿರುತ್ತದೆ.

ಕೇಳಿದ ಮಾಹಿತಿಯನ್ನು ಶಾಲೆ ಕೊಡದಿದ್ದರೆ? ಸರಕಾರಿ ಶಾಲೆಗೆ ಮಾಹಿತಿ ಹಕ್ಕಿನ ಅರ್ಜಿ ನೇರವಾಗಿ ಹಾಕಬಹುದು. ಅನ್‌ಎಯ್ಡೆಡ್ ಶಾಲೆಗೆ ಹಾಗಾಗದು, ಆದರೆ ಆ ಶಾಲೆಯ ಯಾವ ದಾಖಲೆಗಳನ್ನು ಎಇಒ, ಡಿಇಒ ಕಾನೂನಿನ ಪ್ರಕಾರ ತರಿಸಿಕೊಳ್ಳಬಹುದೋ ಅವನ್ನು ಅವರ ಕಚೇರಿಯ ಮೂಲಕ ಪಡೆಯಬಹುದು. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ, ಮಾನ್ಯತೆ ಪತ್ರದ ಪ್ರತಿ, ಕೊನೆಯ ತಪಾಸಣಾ ವರದಿ ಎಂದು ನಿಖರವಾಗಿ ಬರೆಯಿರಿ. ನಮ್ಮಲ್ಲಿ ಮಂಜೇಶ್ವರ, ಕುಂಬಳೆ, ಕಾಸರಗೋಡು, ಬೇಕಲ, ಹೊಸದುರ್ಗ, ಚೆರುವತ್ತೂರು, ಚಿತ್ತಾರಿಕ್ಕಲ್ ಎಂದು ಏಳು ಉಪಜಿಲ್ಲೆ. ಶಾಲೆ ಯಾವುದರಲ್ಲಿದೆಯೋ ಆ ಎಇಒಗೆ. ಹೈಸ್ಕೂಲಾದರೆ ಕಾಸರಗೋಡು ಅಥವಾ ಕಾಞಂಗಾಡು ಡಿಇಒಗೆ.

ಸರಿಹೊಂದದೆ ಬಿಡಿಸುವ ಸಂದರ್ಭವೂ ಬರುತ್ತದೆ. ಎಂಟನೆಯವರೆಗೆ ಟಿಸಿ ತಡವಾಯಿತೆಂಬ ಕಾರಣಕ್ಕೆ ಸರಕಾರಿ ಅಥವಾ ಎಯ್ಡೆಡ್ ಶಾಲೆ ಮಗುವನ್ನು ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಬಾಕಿ ಫೀಸಿನ ವಸೂಲಿಗೆ ಟಿಸಿ ಆಯುಧವಲ್ಲ ಎಂದು ಮದ್ರಾಸ್ ಹೈಕೋರ್ಟು 2024ರಲ್ಲಿ ಹೇಳಿದೆ. ಟಿಸಿಗೆ ಲಿಖಿತ ಅರ್ಜಿ ಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಜತೆಗೆ ಮಗುವಿನ 11 ಅಂಕಿಯ ಪೆನ್ (ಶಾಶ್ವತ ಶಿಕ್ಷಣ ಸಂಖ್ಯೆ) ನಂಬರನ್ನು ಬರೆದುಕೊಂಡು, ಯುಡೈಸ್ ಪ್ಲಸ್‌ನಲ್ಲಿ ಹೆಸರನ್ನು ಡ್ರಾಪ್‌ಬಾಕ್ಸಿಗೆ ಬಿಡುವಂತೆ ಹಳೆಯ ಶಾಲೆಗೆ ಹೇಳಿ. ಟಿಸಿ ಕೈಗೆ ಬಂದರೂ ಇದು ಆಗದಿದ್ದರೆ ಹೊಸ ಶಾಲೆಯವರಿಗೆ ಮಗುವನ್ನು ತಮ್ಮ ಪಟ್ಟಿಗೆ ಎಳೆದುಕೊಳ್ಳಲಾಗದು. ತಡೆ ಬೀಳುವುದು ಹೆಚ್ಚಾಗಿ ಇಲ್ಲಿಯೇ. ಆಧಾರಿನಲ್ಲಿರುವ ಹೆಸರಿನ ಅಕ್ಷರ ಮತ್ತು ಟಿಸಿಯಲ್ಲಿರುವುದು ಒಂದೇ ಇರಲಿ. ಕನ್ನಡ ಡಿವಿಷನ್ನಿಗೆ ಸೇರಿಸುವವರು ಇದೆಲ್ಲವನ್ನೂ ಮೇ ತಿಂಗಳೊಳಗೆ ಮುಗಿಸಿ, ಶಾಲೆ ತೆರೆದ ಮೊದಲ ದಿನವೇ ಹಾಜರಿಗೆ ಹೆಸರು ಬರುವಂತೆ ನೋಡಿಕೊಳ್ಳಿ. ಆರನೇ ಕೆಲಸದ ದಿನದ ನಂತರ ಸೇರಿದ ಮಗು ಆ ವರ್ಷದ ಹುದ್ದೆಯ ಲೆಕ್ಕಕ್ಕೆ ಬರುವುದಿಲ್ಲ.